ಲಾಭ, ಎರಡು, ಮೂರು

ಶಾರ್ಜಾದ ಖಾಲಿದ್ ಬಂದರಿನಲ್ಲಿ
ಬೆಳಗಿನ ನಾಲ್ಕಕ್ಕೇ ಬೆವರು.
ಹಡಗಿಗಿಂತ ಮೊದಲು ಅದರ ವಾಸನೆ ಬಂದು ತಂಗಿತು:
ಸಗಣಿ, ಡೀಸೆಲ್, ಎಂಟು ದಿನದ ಒದ್ದೆ ಹುಲ್ಲು.

ಇಳಿಜಾರು ಹಲಗೆಗೆ ಮರಳು ಎರಚಿದರು,
ಗೊರಸು ಜಾರದಿರಲಿ ಎಂದು.
ನನ್ನ ಕೈಯಲ್ಲಿ ಕಂಪನಿ ಕೊಟ್ಟ ಕ್ಲಿಕ್ಕರ್ ಇದೆ,
ಆದರೂ ಬಾಯಿ ಸುಮ್ಮನಿರದು.
ಬೈಂದೂರಿನ ನನ್ನಜ್ಜ ಗೇಣಿ ಭತ್ತ ಅಳೆಯುವಾಗ
ಒಂದು ಎನ್ನುತ್ತಿರಲಿಲ್ಲ,
ಮೊದಲ ಸೇರಿಗೆ ಲಾಭ ಎಂದೇ ಹೆಸರು.
ಆ ಸೇರು ಬೀಳುತ್ತಿದ್ದದ್ದು ಒಡೆಯರ ರಾಶಿಗೆ,
ಎರಡನೆಯದೂ ಅಲ್ಲಿಗೇ.
ಮನೆಗೆ ಬಂದದ್ದು ಆ ಶಬ್ದವೊಂದೇ.

ಲಾಭ, ಎಂದೆ.
ಕಂದು ಹೋರಿ, ಗಿಡ್ಡ ಡುಬ್ಬ,
ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಇಳಿಯಿತು.

ತಡಿ, ಎಂದ ಹಗ್ಗ ಹಿಡಿದವನು.
ವರ್ಸಮೆ. ಬರ್ಬೆರಾದಿಂದ ದನಗಳ ನಡುವೆಯೇ
ಮಲಗಿ ಎದ್ದು ಬಂದವನು,
ಅವನ ಅರಬ್ಬಿ ನನ್ನದಕ್ಕಿಂತ ಚೂರು ಮೇಲು.
"ಎರಡರಿಂದ ಶುರು ಮಾಡಿದೆಯಲ್ಲ, ಒಂದು ಎಲ್ಲಿ?"

ಸೊಮಾಲಿಯಲ್ಲಿ ಲಬ ಅಂದರೆ ಎರಡಂತೆ.

ನಕ್ಕೆ. ಅವನು ನಗಲಿಲ್ಲ.
ಇತ್ತು, ಅಂದ. ಹಣೆಯಲ್ಲಿ ಬಿಳಿ ಚುಕ್ಕೆಯದು.
ಐದನೆಯ ರಾತ್ರಿ ರಾಸ್ ಅಲ್ ಹದ್ದಿನ ತಿರುವಿನಲ್ಲಿ
ಮೊಣಕಾಲೂರಿತು, ಆಮೇಲೆ ಏಳಲಿಲ್ಲ.
ನಾಲ್ಕು ಜನ ಎತ್ತಿ ನೀರಿಗೆ ಬಿಟ್ಟೆವು.
ಸಾಕಿದವಳು ನನ್ನ ಸೋದರತ್ತೆ. ಮಾರುವ ದಿನ
ಅದರ ಹೆಸರನ್ನು ಅದರ ಕಿವಿಯಲ್ಲೇ
ಹೇಳಿ ಕಳಿಸಿದ್ದಳು.

ಏನು ಹೆಸರು, ಎಂದೆ.
ಹಗ್ಗ ಸಡಿಲಿಸಿ, ಮುಂದಿನದನ್ನು ಬಿಟ್ಟ.

ಡಾಕ್ಟರ್ ಬಾಬಿಕರ್ ಕೋಣೆಯಲ್ಲಿ, ಎಸಿಯ ಕೆಳಗೆ,
ಗೋಡೆಗೊಂದು ಪಟ್ಟಿ: ಯಾವ ದೇಶದ್ದು ಎಷ್ಟು.
ಕಾಗದಕ್ಕೆ ಮುದ್ರೆ ಬೀಳುವ ತನಕ
ವರ್ಸಮೆ ಅದನ್ನೇ ನೋಡುತ್ತ ನಿಂತ.
ನಮ್ಮದು ಎಲ್ಲಿ?
ಕಟ್ಟಕಡೆಯ ಸಾಲಿಗೆ ಬೆರಳಿಟ್ಟೆ: ಇತರೆ.
ಅವನಜ್ಜನ ಅಜ್ಜನೂ ಇದೇ ನೀರಿನ ಮೇಲೆ ದನ ತಂದವನು.
ಇತರೆ, ಎಂದು ಒಮ್ಮೆ ಹೇಳಿ ನೋಡಿದ,
ಊರಿನ ಹೆಸರೇನೋ ಎಂಬಂತೆ.

ನಿಮ್ಮದು?
ಬೆರಳು ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ.
ನಮ್ಮದು ನಡೆದು ಬರುವುದಿಲ್ಲ, ಎಂದೆ,
ಯಾರೋ ತಪ್ಪು ಹೊರಿಸಿದ ಹಾಗೆ.
ಆಚೆ ಶೆಡ್ಡಿನಲ್ಲಿದೆ, ಮೈನಸ್ ಹದಿನೆಂಟರಲ್ಲಿ,
ಇಪ್ಪತ್ತು ಕಿಲೋದ ಪೆಟ್ಟಿಗೆ ಪೆಟ್ಟಿಗೆ,
ಮೇಲೆ ಎಮ್ಮೆ ಎಂದು ಎರಡು ಭಾಷೆಯಲ್ಲಿ ಬರೆದಿದೆ.
ಅದಕ್ಕೆ ತಲೆಯೆಣಿಕೆ ಇಲ್ಲ, ತೂಕ ಅಷ್ಟೆ.

ಶುಕ್ರವಾರ ಊರಿಗೆ ಫೋನು.
ಬಂದರಿನಲ್ಲಿ ಲೆಕ್ಕ ಬರೆಯುತ್ತೇನೆ, ಅಷ್ಟು ಹೇಳಿದ್ದೇನೆ.
ಯಾತರ ಲೆಕ್ಕ ಎಂದು ಅಮ್ಮ ಕೇಳಿದವಳಲ್ಲ, ಹನ್ನೆರಡು ವರ್ಷ.
ಉಂಡ್ಯಾ ಮಾಣಿ, ಎನ್ನುತ್ತಾಳೆ.
ಏನು ಉಂಡೆ ಎಂದೂ ಕೇಳುವುದಿಲ್ಲ.
ನನಗಿಂತ ಲೆಕ್ಕ ಬಲ್ಲವಳು.

ಸಂಜೆ ಕಾಗದ ಮುಗಿಸಿದೆ.
ಹತ್ತಿದ್ದು ಸಾವಿರದ ಇನ್ನೂರ ನಾಲ್ಕು,
ಇಳಿದದ್ದು ಸಾವಿರದ ಇನ್ನೂರ ಮೂರು.
ಷರಾ ಎಂಬಲ್ಲಿ ಬರೆಯಬೇಕಾದ ಮಾತು ಗೊತ್ತೇ ಇದೆ:
ಸಹಜ ನಷ್ಟ.
ಪೆನ್ನು ಎರಡು ಸಲ ಒಣಗಿತು,
ಸೆಕೆಗೆ ಹಾಗಾಗುತ್ತದೆ.
ಮೂರನೆಯ ಸಲಕ್ಕೆ ಬರೆದೆ.

ವರ್ಸಮೆಯ ಹಡಗು ತೊಳೆಸಿಕೊಂಡು ಖಾಲಿ ಹೊರಟಿತು,
ಹಗುರಾಗಿ, ಒಂದು ಕಡೆ ವಾಲಿಕೊಂಡು.

ನಾಲ್ಕು ದಿನ ಬಿಟ್ಟು ಆಸ್ಟ್ರೇಲಿಯಾದ್ದು ಬಂತು.
ಐದಂತಸ್ತು, ಒಳಗೆ ಫ್ಯಾನು, ಪ್ರತಿ ಕಿವಿಗೂ ಹಳದಿ ಬಿಲ್ಲೆ.
ಮರಳು ಎರಚಿದರು. ಬಾಗಿಲು ತೆರೆಯಿತು.
ಕಪ್ಪು ಹೋರಿಯೊಂದು ಮೂತಿ ಚಾಚಿ
ಈ ನೆಲದ ಗಾಳಿಯನ್ನು ಮೂಸಿ,
ಮುಂಗಾಲು ಇಟ್ಟಿತು.

ಕ್ಲಿಕ್ಕರ್ ಒಂದು ತೋರಿಸಿತು.
ಎರಡು, ಎಂದೆ.